ಸುರಮಾಯಿಯ ಮಲತಮ್ಮ

ಒಣಮೀನಿನ ಪೊಟ್ಟಣ ಬಿಚ್ಚಿದರೆ ಸಾಕು, ಇವತ್ತಿಗೂ ನನ್ನ ಎಡಗಿವಿ ಉರಿಯುತ್ತದೆ.

ನಿಜಾಮನ ಕಾಲ. ಮುಂಬಯಿಯಿಂದ ರೈಲಿನಲ್ಲಿ ಕಲಬುರ್ಗಿ ಸ್ಟೇಷನ್ನಿಗೆ ಬರುತ್ತಿದ್ದ ಉಪ್ಪುಮೀನನ್ನು ನಮ್ಮ ಆಯಿ, ಅಂದರೆ ಅವ್ವನ ತಾಯಿ, ಕೊಂಡು ತಂದು ಕಮಲಾಪುರದ ಸಂತೆಯಲ್ಲಿ ಮಾರುತ್ತಿದ್ದಳು. ಸಮುದ್ರ ಕಂಡವಳಲ್ಲ. ಆದರೂ ಚೀಲದಲ್ಲಿ ಬೆರೆತು ಬರುತ್ತಿದ್ದ ಎರಡು ಜಾತಿಯ ದೊಡ್ಡ ಮೀನುಗಳನ್ನು ಬೆರಳಿನಿಂದಲೇ ಬೇರೆ ಮಾಡುತ್ತಿದ್ದಳು. ಉಪ್ಪು ಹತ್ತಿ ಪಟ್ಟೆ, ಚುಕ್ಕೆ ಎಲ್ಲ ಅಳಿಸಿಹೋಗಿರುತ್ತಿತ್ತು. ಪಕ್ಕೆಯ ಉದ್ದಕ್ಕೂ ಒಂದು ಗೆರೆ ಮಾತ್ರ ಉಳಿದಿರುತ್ತಿತ್ತು.

"ಬಾಲದ ಕಡೆ ಗೆರಿ ಧಡಕ್ಕನ ಕೆಳಗ ಇಳದ್ರ ಸುರಮಾಯಿ. ಸಾವಕಾಶ ಇಳದ್ರ ಅದರ ಮಲತಮ್ಮ, ಅಗ್ಗದ್ದು" ಎಂದು ನನ್ನ ಬೆರಳು ಹಿಡಿದು ಆ ಒರಟು ಚರ್ಮದ ಮೇಲೆ ಓಡಿಸಿ ಕಲಿಸಿದ್ದಳು.

ಒಂದು ಸಂತೆಯ ಮಧ್ಯಾಹ್ನ ನಾನು ಆಯಿಯ ಪಕ್ಕ ಕೂತಿದ್ದಾಗ ಪೊಲೀಸ್ ದಫೇದಾರ ಬಂದು ಬೂಟುಗಾಲಿನಿಂದ ನಮ್ಮ ಬುಟ್ಟಿ ತಟ್ಟಿದ.

"ಏ ಮುದುಕಿ, ಸುರಮಾಯಿನೇ ಏನ ಇದು?"

"ಹೌದ್ರೀ ಸಾಹೇಬ್ರ, ಖರೇ ಸುರಮಾಯಿ."

ನಾನು ಮೀನಿನ ಮೇಲೆ ಬೆರಳೆಳೆದೆ. ಎಂಟು ವರ್ಷದವಳ ಜಾಣತನ, ಬಾಯಿ ಮುಚ್ಚಿಕೊಂಡಿರಲು ಬಿಡಲಿಲ್ಲ.

"ಅಲ್ಲ ಆಯಿ, ಇದು ಮಲತಮ್ಮ!"

"ಸರ್ಕಾರಿ ಮಂದಿಗೇ ಮೋಸ ಮಾಡ್ತಿಯೇನ, ಬದ್ಮಾಶ್!" ಎಂದು ದಫೇದಾರ ಬುಟ್ಟಿಯನ್ನು ಒದ್ದ.

ಮೀನೆಲ್ಲ ಧೂಳಿಗೆ ಬಿತ್ತು. ಆಯಿ ಒಂದೊಂದನ್ನೇ ಎತ್ತಿ, ಸೆರಗಿನಲ್ಲಿ ಒರೆಸಿ, ಬುಟ್ಟಿಗಿಟ್ಟಳು. ಅವನು ಮರೆಯಾಗುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಉಪ್ಪುಗೈಯಲ್ಲೇ ನನ್ನ ಎಡಗಿವಿ ಹಿಂಡಿ, ಹಲ್ಲು ಕಚ್ಚಿ ಹೇಳಿದಳು:

"ಗೆರಿ ನೋಡೋದು ಕೊಳ್ಳುವಾಗ. ಮಾರುವಾಗ ಅಲ್ಲ."