ಎರವಲು ತಂದ ಹಂಬಲ

ವ್ಯಸನಮುಕ್ತಿ ವಾರ್ಡಿಗೆ ಹೊಸದಾಗಿ ಬಂದ ನರ್ಸುಗಳೆಲ್ಲ ಒಬ್ಬ ರೋಗಿಯ ಕುಡಿತದ ಹಂಬಲವನ್ನು ಏಳು ದಿನ ತಾವು ಹೊತ್ತುಕೊಳ್ಳಬೇಕು. ಅದು ತರಬೇತಿಯ ನಿಯಮ. ಯಮುನಾಳ ಪಾಲಿಗೆ ಬಂದದ್ದು ಲಾರಿ ಮೆಕ್ಯಾನಿಕ್ ಚನ್ನವೀರಪ್ಪನ ಹಂಬಲ. ಕಿವಿಯ ಹಿಂದೆ ಅಂಟಿಸಿದ ಬಿಲ್ಲೆಯಿಂದ ಅದು ಹಗಲೂ ರಾತ್ರಿ ಅವಳನ್ನು ಕೆರೆಯುತ್ತಿತ್ತು. ಅವನು ಮಾತ್ರ ವಾರವಿಡೀ ಹಾಯಾಗಿ ನಿದ್ದೆ ಮಾಡಿದ್ದ.

ಇಂದು ವಾಪಸು ಕೊಡುವ ದಿನ. ಯಮುನಾ ಬೆಳಗಿನಿಂದ ತೊಳೆದ ಟ್ರೇಗಳನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ತರಬೇತಿ ಹಾಳೆಯ 'ಕುಡಿಯಬೇಕೆನಿಸಿತೇ?' ಎಂಬ ಕಾಲಮಿನಲ್ಲಿ ಏಳೂ ದಿನ 'ಇಲ್ಲ' ಎಂದೇ ಬರೆದಿದ್ದಳು.

ಚನ್ನವೀರಪ್ಪ ಆ ಹಾಳೆಯನ್ನು ನೋಡಿದ. ಆಮೇಲೆ ಒಂದೇ ಸಮನೆ ಕುಣಿಯುತ್ತಿದ್ದ ಅವಳ ಕಾಲನ್ನು ನೋಡಿದ.

"ಎಲ್ಲಿ ಮುಚ್ಚಿಟ್ಟೀರಿ, ಸಿಸ್ಟರ್?"

"ಏನು?"

"ನಾನಂತೂ ಬಾಟ್ಲಿ ಫ್ಲಶ್ ಟ್ಯಾಂಕಿನ್ಯಾಗ ಇಟ್ಟಿದ್ದೆ."

ಯಮುನಾಳ ಕಣ್ಣು ತಾನಾಗಿಯೇ ಬ್ಯಾಂಡೇಜಿನ ಡಬ್ಬಿಯತ್ತ ಹೋಯಿತು. "ಸೀಲ್ ಒಡದಿಲ್ಲರಿ," ಎಂದಳು. "ಖರೇನ ಒಡದಿಲ್ಲ."

"ನಂಬ್ತೀನಿ."

ಅವಳು ತಲೆ ತಗ್ಗಿಸಿದಳು. ಹದಿನೈದು ದಿನದ ಹಿಂದೆ ಅವನೂ ಹೀಗೇ 'ಸೀಲ್ ಒಡದಿಲ್ಲ' ಎಂದಾಗ, ಅವಳು ಅವನ ಕೇಸ್ ಶೀಟಿನಲ್ಲಿ 'ಸುಳ್ಳು ಹೇಳುತ್ತಾನೆ' ಎಂದು ಬರೆದಿದ್ದಳು.

"ತಗೀರಿ," ಎಂದು ಅವನು ಕಿವಿ ಮುಂದೆ ಮಾಡಿದ. "ನಂದು ನನಗ ಕೊಟ್ಟು, ಮನೀಗೆ ಹೋಗಿ ನಿದ್ದಿ ಮಾಡ್ರಿ."

ಬಿಲ್ಲೆ ಅವನ ಕಿವಿಯ ಹಿಂದೆ ಅಂಟಿದ್ದೇ ತಡ, ಅವಳ ಕಾಲಿನ ಕುಣಿತ ನಿಂತಿತು. ಅವನದು ಶುರುವಾಯಿತು.

ಅವನು ಥಟ್ಟನೆ ಗೋಡೆಯ ಕಡೆ ತಿರುಗಿ ಕೂತ.

"ಸಿಸ್ಟರ್, ಮೊದಲು ಆ ಬ್ಯಾಂಡೇಜಿನ ಡಬ್ಬಿ ಇಲ್ಲಿಂದ ಒಯ್ರಿ."