ಲಾರಿ ಹತ್ತದ ಬೆಕ್ಕು

“ಈ ಬೆಕ್ಕನ್ನ ಮೊದಲು ಕೆಳಗಿಳಿಸಿ” ಎಂದು ಹಲ್ಲಿನ ಡಾಕ್ಟರು ಚಿತ್ರದಲ್ಲಿದ್ದ ಲಾರಿಯ ಮೇಲೆ ಬೆರಳಿಟ್ಟರು. ಎದುರು ಕುರ್ಚಿಯಲ್ಲಿದ್ದ ಮುದಿ ಚಿತ್ರಕಾರನಿಗೆ ತನ್ನ ಹಲ್ಲಿಗೇ ಇಕ್ಕಳ ಹಾಕಿದಂತಾಯಿತು.

ಮನೆ ಬದಲಿಸುವ ಒಂದು ಸಂಸಾರದ ಕಥೆ ಅದು. ಪುಟಕ್ಕೊಂದು ಚಿತ್ರ, ಚಿತ್ರದಡಿ ಒಂದೋ ಎರಡೋ ಸಾಲು. ಪ್ರತಿ ಪುಟದಲ್ಲೂ ಎಲ್ಲೋ ಒಂದು ಕಡೆ ಒಂದು ಕಂದು ಬೆಕ್ಕು. ಮೊದಲ ಅಚ್ಚಿನಲ್ಲಿ, ಸಾಮಾನನ್ನೆಲ್ಲ ಲಾರಿಗೆ ಹೇರಿ ಹೊರಟ ಪುಟದಲ್ಲಿ ಮಾತ್ರ ಅದು ಇರಲಿಲ್ಲ. ಹಾಳೆ ತಿರುವಿದರೆ, ಬಾಡಿಗೆ ಕರಾರಿಗೆ ತಾನೇ ರುಜು ಹಾಕಿದ ಠೀವಿಯಲ್ಲಿ ಹೊಸ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿತ್ತು. ಅಲ್ಲಿಗೆ ಹೇಗೆ ಬಂತು ಎಂಬುದನ್ನು ಪುಸ್ತಕ ಹೇಳುತ್ತಿರಲಿಲ್ಲ. ಈಗ ಅದು ಮತ್ತೆ ಅಚ್ಚಾಗುವುದಿತ್ತು. ಪ್ರಕಾಶಕಿ ಮಾದರಿ ಪ್ರತಿಯನ್ನು ಹಳೆಯ ಓದುಗರಿಗೆ ಕಳಿಸಿ ಅಭಿಪ್ರಾಯ ಕೇಳಿದ್ದಳು. ಬಣ್ಣ ಜಾಸ್ತಿಯಾಯಿತು ಎಂದವರಿದ್ದರು, ಅಕ್ಷರ ಸಣ್ಣದಾಯಿತು ಎಂದವರಿದ್ದರು. ಅಡುಗೆ ಪುಸ್ತಕ ಬಿಟ್ಟು ಬೇರೇನನ್ನೂ ಓದದ ಅಜ್ಜಿಯೊಬ್ಬಳು, ಹೊಸ ಮನೆಯಲ್ಲಿ ಮೊದಲ ದಿನ ಊಟಕ್ಕೆ ಏನು ಮಾಡಿದರು ಎಂದು ಕೇಳಿ ಬರೆದಿದ್ದಳು. ಖುದ್ದಾಗಿ ಅವಳ ಕಚೇರಿಗೇ ಜಗಳಕ್ಕೆ ಬಂದವರು ಡಾಕ್ಟರೊಬ್ಬರೇ.

“ಅದು ಹಳೇ ತಪ್ಪು ಡಾಕ್ಟ್ರೇ” ಎಂದಳು ಪ್ರಕಾಶಕಿ. “ಆಗ ಮಾಮ ಬೆಕ್ಕು ಬರೆಯೋದನ್ನೇ ಮರೆತಿದ್ದರು. ಆಗ ಇದನ್ನ ಅಚ್ಚು ಹಾಕಿಸಿದ್ದ ನಮ್ಮಪ್ಪ, ಇರೋ ತನಕ ಇವರನ್ನ ಅದಕ್ಕೇ ಗೋಳು ಹುಯ್ಕೊಂಡರು. ಈಗ ಸರಿ ಮಾಡಿಕೊಟ್ಟಿದ್ದಾರೆ.” ಫ್ರಾಕ್ ತೊಡುತ್ತಿದ್ದ ಕಾಲದಿಂದಲೂ ಅವಳು ಚಿತ್ರಕಾರನನ್ನು ಕರೆಯುವುದು ಮಾಮ ಎಂದೇ.

ಅವನು ಮರೆತಿರಲಿಲ್ಲ. ಹುಡುಗನಾಗಿದ್ದಾಗ ಅವನ ಮನೆಯವರೂ ಹೀಗೇ ಒಂದು ಲಾರಿಯಲ್ಲಿ ಹೊರಟಿದ್ದರು. ಹಾಸಿಗೆ ಸುರುಳಿಯ ಮೇಲೆ ಕೂತು ಅವನು ‘ಬೆಕ್ಕು, ಬೆಕ್ಕು’ ಎಂದು ಬಡಕೊಂಡರೆ, ಅಪ್ಪ ‘ಅದು ತಾನಾಗೇ ಬರುತ್ತೆ ಕಣೋ’ ಎಂದಿದ್ದರು. ಲಾರಿ ತಿರುವು ದಾಟುವವರೆಗೂ ಅದು ಹಳೆಯ ಮನೆಯ ಕಿಟಕಿಯಲ್ಲಿ ಕೂತು ನೋಡುತ್ತಿತ್ತು. ಬರಲಿಲ್ಲ. ದೊಡ್ಡವನಾಗಿ ಈ ಪುಸ್ತಕಕ್ಕೆ ಕೂತಾಗ, ಹೊಸ ಮನೆಯ ಮೆಟ್ಟಿಲ ಮೇಲೆ ಬೆಕ್ಕು ಬರೆಯಲು ಕೈ ಓಡಿತು, ಲಾರಿಯ ಮೇಲೆ ಮಾತ್ರ ಓಡಲಿಲ್ಲ. ಇದನ್ನೆಲ್ಲ ಇವಳ ಅಪ್ಪನಿಗೆ ವಿವರಿಸುವುದಕ್ಕಿಂತ ಮರೆತೆ ಎನ್ನುವುದೇ ಸಲೀಸಾಗಿತ್ತು. ಈಗ, ಟೀ ಲೋಟ ಹಿಡಿದರೂ ನಡುಗುವ ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದು, ಒಂದೊಂದೇ ರೋಮ ಎಳೆದು, ಬೆಕ್ಕನ್ನು ಕೊನೆಗೂ ಹಾಸಿಗೆ ಸುರುಳಿಯ ಮೇಲೆ ಕೂರಿಸಿದ್ದ. ಇನ್ನು ಕುಂಚ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಹೇಳಿಯೂ ಆಗಿತ್ತು.

“ಯಾಕೆ, ಬೆಕ್ಕು ಚೆನ್ನಾಗಿಲ್ವಾ?” ಎಂದ.

“ಬೆಕ್ಕು ಚೆನ್ನಾಗೇ ಇದೆ ಸಾರ್. ಆದರೆ ಅದಿರೋದು ಅಲ್ಲಲ್ಲ. ಗಡಿಯಾರದ ಪೆಟ್ಟಿಗೇಲಿ.”

“ಯಾರು ಹೇಳಿದ್ದು?”

“ಯಾರು ಯಾಕೆ ಹೇಳಬೇಕು? ನನಗೆ ಗೊತ್ತು. ನಮ್ಮಕ್ಕ, ಕಬ್ಬಿಣದ ಒಲೆ ಇದೆಯಲ್ಲ, ಅದರೊಳಗೆ ಅಂತಾಳೆ. ಅವಳು ಹುಟ್ಟಿದಾಗಿಂದ್ಲೂ ಹಟಮಾರಿ. ಈಗಲೂ ಇದಕ್ಕೇ ವಾರಗಟ್ಟಲೆ ಮಾತು ಬಿಡ್ತೀವಿ.”

“ಇಬ್ಬರ ತಲೇನೂ ಬೆಳ್ಳಗಾಗಿರಬೇಕು” ಎಂದು ಪ್ರಕಾಶಕಿ ನಕ್ಕಳು.

ಡಾಕ್ಟರು ನಗಲಿಲ್ಲ. ಚೀಲದಿಂದ ಹಳೆಯ ಪ್ರತಿ ತೆಗೆದರು. ಅವರ ತಂದೆಯೂ ಹಲ್ಲಿನ ಡಾಕ್ಟರೇ. ಪುಸ್ತಕ ಅವರ ಕಾಲದಿಂದಲೂ ಕ್ಲಿನಿಕ್ಕಿನ ಹೊರಕೋಣೆಯಲ್ಲಿತ್ತು. ಅಲ್ಲಿನ ಉಳಿದ ಓದಿನ ಪಾಡು ಕೇಳುವಂತಿರಲಿಲ್ಲ. ವಾರಪತ್ರಿಕೆಗಳಲ್ಲಿ ಅಡುಗೆಯ ಪುಟ ಇರುತ್ತಿರಲಿಲ್ಲ. ಪತ್ತೇದಾರಿ ಕಾದಂಬರಿ ಹಿಡಿದು ಕೂತವರು, ಒಳಗಿನಿಂದ ಕರೆ ಬಂದೊಡನೆ ಕೊನೆಯ ಪುಟದ ಕೊಲೆಗಾರನನ್ನು ಹರಿದು ಜೇಬಿಗಿಳಿಸುತ್ತಿದ್ದರು.

“ಇದೊಂದನ್ನ ಮಾತ್ರ ಯಾರೂ ಹರಿದಿಲ್ಲ ಸಾರ್. ಅಳ್ತಾ ಬರೋ ಮಕ್ಕಳ ಕೈಗೆ ಕೊಟ್ಟು, ಬೆಕ್ಕೆಲ್ಲಿದೆ ಹುಡುಕು ಅಂತೀನಿ. ಹಲ್ಲು ನೋವೇ ಮರೀತಾರೆ. ನೀವು ಹೀಗೆ ಎತ್ತಿ ಎದುರಿಗೇ ಕೂರಿಸಿಬಿಟ್ಟರೆ ನನ್ನ ಗತಿಯೇನು?”

ಲಾರಿಯ ಪುಟವನ್ನು ಅವರು ಬಿಡಿಸಿಟ್ಟರು. ಚಿತ್ರಕಾರ ಕನ್ನಡಕ ಮೇಲೇರಿಸಿ ಬಾಗಿದ. ಪುಟದ ತುಂಬ ಬೆರಳಿನ ಗುರುತು. ಗಡಿಯಾರದ ಪೆಟ್ಟಿಗೆ ಸವೆದು ಬೆಳ್ಳಗಾಗಿತ್ತು, ಒಲೆಯ ಬಾಯಿಗೆ ಜಿಡ್ಡು ಹಿಡಿದಿತ್ತು. ಮಗುಚಿಟ್ಟ ಮೇಜಿನ ಕಾಲಸಂದಿ, ಡ್ರೈವರನ ಸೀಟಿನ ಅಡಿ, ಅಮ್ಮನ ಮಡಿಲು, ಎಲ್ಲ ಕಡೆಯೂ ಯಾವುದೋ ಮಗು ಬೆಕ್ಕನ್ನು ಕಂಡಿತ್ತು. ಒಂದು ಬೆರಳಿಗೆ ಬೆಲ್ಲವೋ ಜಾಮೋ ಅಂಟಿದ್ದಿರಬೇಕು. ಬಕೆಟ್ಟಿನ ಮೇಲೆ ಅದರ ಗೆರೆಗಳು ಅಚ್ಚೊತ್ತಿದ ಹಾಗೆ ಉಳಿದಿದ್ದವು.

ಅವನು ಒಂದೊಂದೇ ಗುರುತನ್ನು ಎಣಿಸುತ್ತ ಹೋದ. ಆಮೇಲೆ, “ಹೊಸ ಬೆಕ್ಕನ್ನ ತೆಗೆದುಬಿಡು ಪುಟ್ಟಿ” ಎಂದ.

“ಅಷ್ಟು ಕಷ್ಟಪಟ್ಟು ಬರೆದಿದ್ದೀರಿ ಮಾಮ! ಜನ ಮತ್ತೆ ಮರೆತರು ಅಂತಾರೆ.”

“ಅನ್ನಲಿ ಬಿಡು. ಅದು ಆವಾಗಲೇ ಹತ್ತಿ ಕೂತಿದೆ.”

ಡಾಕ್ಟರಿಗೆ ಹುರುಪು ಬಂತು. “ನೀವೇ ಬರೆದೋರು, ನೀವೇ ತೋರಿಸಿಬಿಡಿ ಸಾರ್. ಗಡಿಯಾರದ ಪೆಟ್ಟಿಗೆ ತಾನೇ?”

ಚಿತ್ರಕಾರನ ಬೆರಳು ಪುಟದ ಎಡಮೂಲೆಗೆ, ಬಿಟ್ಟುಹೋಗುತ್ತಿದ್ದ ಮನೆಯ ಕಿಟಕಿಯತ್ತ ಹೊರಟಿತು. ಅಲ್ಲಿ ಒಂದೇ ಒಂದು ಗುರುತಿರಲಿಲ್ಲ. ಇಂದು ಬೆಳಿಗ್ಗೆ ಅಚ್ಚಿನಿಂದ ಬಂದಷ್ಟು ಚೊಕ್ಕಟವಾಗಿತ್ತು. ಬೆರಳು ಅದನ್ನು ಮುಟ್ಟದೆ ತಿರುಗಿ ಬಂತು. ಮಕ್ಕಳ ಬೆರಳುಗಳ ನಡುವೆ ಜಾಗ ಮಾಡಿಕೊಂಡು ಒಲೆಯ ಬಾಯಿಯ ಮೇಲೆ ಕೂತಿತು.

“ನಮ್ಮಕ್ಕನಿಗೆ ಮಾತ್ರ ಹೇಳಬೇಡಿ ಸಾರ್” ಎಂದರು ಡಾಕ್ಟರು.