ಗದ್ದಕ್ಕೆ ಹಚ್ಚಿದ ಟಿಂಚರ್

"ಏನ್ ಹಚ್ಚಿದ್ಯೇ ನನ್ ಮಗನ ಮೊಕಕ್ಕೆ? ಬೊಗಳು!"

ದಾಕ್ಷಾಯಣಮ್ಮನ ಕೂಗಿಗೆ ಮಧುಗಿರಿಯ ಪೇಟೆಬೀದಿಯೇ ಕಿವಿ ನಿಮಿರಿಸಿತು. ಮಗ ನಾಗಲಿಂಗಯ್ಯ ಜಗಲಿಯ ಮೇಲೆ ಕುಳಿತಿದ್ದ. ಮುಖ ಬೂದಗುಂಬಳವಾಗಿತ್ತು. ಗದ್ದದ ತುಂಬ ನೀರ್ಗುಳ್ಳೆ. ತುಟಿ ಊದಿ ಮಾತೇ ಹೊರಡದು. ಕೊರಟಗೆರೆಯಿಂದ ಹೆಣ್ಣಿನವರು ಬರುವ ಹೊತ್ತು ಬೇರೆ!

ಹೌದು, ಎರಡನೆಯ ಮದುವೆ. ಸೊಸೆ ಶಿವರುದ್ರಮ್ಮ ಬಂಜೆ ಎಂದು ಅತ್ತೆ ತೀರ್ಪು ಕೊಟ್ಟಾಗಿತ್ತು. ತಾಯಿಯ ಮಾತಿಗೆ ಇಲ್ಲವೆಂದು ಹೇಳಿ ನಾಗಲಿಂಗಯ್ಯನಿಗೆ ಅಭ್ಯಾಸವಿಲ್ಲ. ಸವತಿಯ ಕಡೆಯವರಿಗೆ ಹೋಳಿಗೆ ತಟ್ಟುವ ಭಾಗ್ಯವೂ ಶಿವರುದ್ರಮ್ಮನದೇ. ಅಯ್ಯೋ ಶಿವನೇ, ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯುತ್ತಿತ್ತು.

"ಟಿಂಚರ್ ಐಯೋಡಿನ್ ಅತ್ತೆ. ನಿನ್ನೆ ಅವ್ರೇ ಚೌರ ಮಾಡ್ಕೊಳ್ಳಕ್ಕೋಗಿ ಗದ್ದ ಕುಯ್ಕೊಂಡ್ರು. ಆಸ್ಪತ್ರೆಯಿಂದ ಅವ್ರೇ ತಂದ್ರು. 'ಇನ್ನೊಸಿ ಹಚ್ಚು' ಅಂದ್ರು, ಹಚ್ಚಿದೆ."

"ಅಂದ್ನಂತೆ! ಸವತಿ ಬತ್ತಾಳೆ ಅಂತ ಇಂಗೆ ಮಾಡಿದ್ದೀಯ, ಮಾಟಗಾತಿ!"

ಡಾಕ್ಟರ್ ಗಂಗಾಧರಯ್ಯನವರನ್ನು ಕರೆಸಿದರು. ಅವರು ಕನ್ನಡಕ ಏರಿಸಿ ನೋಡಿದರು. "ಕೆಲವರ ಮೈಗೆ ಈ ಔಷಧಿ ಒಗ್ಗೋದಿಲ್ಲ ತಾಯಿ. ಹಿಂದೆ ಹಚ್ಚಿದಾಗ ಏನಾದ್ರೂ ಆಗಿತ್ತೇ ಅಂತ ಇವರನ್ನ ಕೇಳಿಯೇ ಕೊಟ್ಟೆ. 'ಏನೂ ಆಗಿಲ್ಲ' ಅಂದ್ರು."

"ಮಹಾರಾಜರ ಸರ್ಕಾರದ ಔಸ್ತಿ, ಅದ್ಯಾಕೆ ಒಗ್ಗಲ್ಲ? ಇದು ಇವಳ ಕೈಗುಣ!"

ಸರ್ಕಾರ ಗೆದ್ದಿತು, ಸೊಸೆ ಸೋತಳು.

ಅಷ್ಟರಲ್ಲಿ ಗಾಡಿ ಬಂತು. ಹೆಣ್ಣಿನ ತಂದೆ ಬಸವಲಿಂಗಯ್ಯ ಇಳಿದು ಅಳಿಯನಾಗುವವನ ಮುಖ ನೋಡಿದ. ಕಾಲು ತೊಳೆಯಲು ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಇದು ದೊಡ್ಡ ರೋಗ ಕಣ್ರೀ, ಕುಷ್ಠ! ಮುಚ್ಚಿಟ್ಟು ಹೆಣ್ಣು ಕೇಳ್ತೀರಾ?"

ಎತ್ತುಗಳ ನೊಗ ಇಳಿಸದೆಯೇ ಗಾಡಿ ಹಿಂದಕ್ಕೆ ತಿರುಗಿತು. ದಾಕ್ಷಾಯಣಮ್ಮ ಎದೆ ಬಡಿದುಕೊಂಡು, ಸೊಸೆಗೆ ಹಿಡಿಶಾಪ ಹಾಕುತ್ತ ಒಳಗೆ ಹೋಗಿ ಮುಸುಕೆಳೆದಳು.

ಶಿವರುದ್ರಮ್ಮ ಗಂಡನ ಗದ್ದಕ್ಕೆ ಬೆಣ್ಣೆ ಸವರಿದಳು.

"ನನ್ ಹೊಟ್ಟೆಕಿಚ್ಚೇ ನಿಮ್ ಮೊಕಕ್ಕೆ ಬಡೀತು. ಈ ಮದ್ವೆ ನಿಲ್ಲಲಿ ಅಂತ ದೇವ್ರನ್ನ ಬೇಡ್ಕೊಂಡಿದ್ದೆ. ತಪ್ಪಾಯ್ತು" ಎಂದು ಬಿಕ್ಕಿದಳು.

ನಾಗಲಿಂಗಯ್ಯ ಒಳಬಾಗಿಲತ್ತ ಒಮ್ಮೆ ನೋಡಿ, ಊದಿದ ತುಟಿಯಲ್ಲೇ ಪಿಸುಗುಟ್ಟಿದ.

"ಅಳಬ್ಯಾಡ ಕಣೆ, ಚಿಕ್ಕೋನಾಗಿದ್ದಾಗ ಗೌಡಗೆರೆ ಸೋದರಮಾವನ ಮನೇಲಿ ಕಾಲಿಗೆ ಟಿಂಚರ್ ಹಚ್ಚಿದಾಗ್ಲೂ ಇಂಗೇ ಊದಿತ್ತು—ಆ ಶೀಸೆ ಜ್ವಾಪಾನವಾಗಿ ಎತ್ತಿಡು, ಅವ್ವ ನಾಳೆಯಿಂದ ಪಾವಗಡದಾಗೆ ಹೆಣ್ಣು ಹುಡುಕ್ತಾಳೆ."